ಮೂಗು ಮುರಿಯುವವರೂ ಮೂಗು ಮುರಿದವರೂ

ಅಮೆರಿಕದವರಿಗೆ ಕಾಲ್ಚೆಂಡಾಟ ತಿಳಿಯದು; ತಿಳಿಯದವರ ಮೆಚ್ಚುಗೆಗೆ ಬೆಲೆಯೂ ಇಲ್ಲ. ಹೀಗೆಂದು ಮೂಗು ಮುರಿಯುವುದು ವಿದ್ಯಾವಂತ ಕ್ರೀಡಾಸಕ್ತರ ಒಂದು ಲಕ್ಷಣವೇ ಆಗಿಬಿಟ್ಟಿದೆ. ಯೂರೋಪಿನ ಕ್ಲಬ್ಬುಗಳ ಪಂದ್ಯಗಳನ್ನು ನಡುರಾತ್ರಿ ನಿದ್ದೆಗೆಟ್ಟು ನೋಡುವ ನಮ್ಮ ಬೆಂಗಳೂರಿನ ತರುಣರು ಹೀಗೆನ್ನುತ್ತಾರೆ. ಅಮೆರಿಕದಲ್ಲೇ ಹುಟ್ಟಿ ಬೆಳೆದು, ಅಭಿರುಚಿಯನ್ನು ಮಾತ್ರ ಇಂಗ್ಲೆಂಡಿನಿಂದ ತರಿಸಿಕೊಂಡವರೂ ಹೀಗೆಯೇ ಎನ್ನುತ್ತಾರೆ. ಇವರ ಪ್ರಕಾರ, ತನ್ನ ರಾಷ್ಟ್ರೀಯ ತಂಡದ ಆಟಗಾರನೊಬ್ಬನನ್ನು ಅಮೆರಿಕದ ಅಭಿಮಾನಿ ತಲೆಯ ಮೇಲೆ ಹೊರಬೇಕಾದರೆ ಆತ ಗೆದ್ದಿರಬೇಕು. ಇಲ್ಲವೆ ಜಾಹೀರಾತಿನವರು ಆತನನ್ನು ಎತ್ತಿ ತೋರಿಸಿರಬೇಕು. ಅದೂ ಇಲ್ಲದಿದ್ದರೆ ಯೂರೋಪಿನ ದೊಡ್ಡ ಕ್ಲಬ್ಬೊಂದು ಬೆನ್ನಿಗೆ ಮೊಹರು ಒತ್ತಿರಬೇಕು. ಸ್ವಂತ ಕಣ್ಣಿನಿಂದ ನೋಡಿ ಸ್ವಂತ ಮನಸ್ಸಿನಿಂದ ಮೆಚ್ಚುವ ಶಕ್ತಿ ಆ ಜನಕ್ಕೆ ಇನ್ನೂ ಬಂದಿಲ್ಲವಂತೆ.

ಈ ಮಾತನ್ನು ನಾನು ಒಪ್ಪಲಾರೆ. ಮೂಗು ಮುರಿಯುವವರಿಗೆ ಉತ್ತರವಾಗಿ, ಆಟದಲ್ಲಿ ನಿಜವಾಗಿಯೇ ಮೂಗು ಮುಖ ಮುರಿಸಿಕೊಂಡವರ ಕಥೆಯನ್ನು ಮುಂದಿಡುತ್ತೇನೆ.

2006ರ ಜೂನ್ 17ರಂದು ಜರ್ಮನಿಯ ಕೈಸರ್ಸ್‌ಲೌಟರ್ನ್ ಊರಿನಲ್ಲಿ ವಿಶ್ವಕಪ್ಪಿನ ಪಂದ್ಯ, ಎದುರಿಗೆ ಇಟಲಿ. ಅಮೆರಿಕದ ಮುಂಪಡೆಯ ಬ್ರಯನ್ ಮ್ಯಾಕ್‌ಬ್ರೈಡ್‌ನ ಮುಖಕ್ಕೆ ಇಟಲಿಯ ಡಿ ರೋಸಿಯ ಮೊಣಕೈ ಬಡಿದು, ಕೆನ್ನೆ ಸೀಳಿ ರಕ್ತ ಧಾರೆಯಾಗಿ ಇಳಿಯಿತು. ಹೊಡೆದವನು ಕೆಂಪು ಚೀಟಿ ಪಡೆದು ಹೊರಗೆ ಹೋದ. ಹೊಡೆಸಿಕೊಂಡವನು ಮುಖ ಒರೆಸಿಕೊಂಡು ಒಳಗೆ ಬಂದ. ಅಮೆರಿಕದವರಲ್ಲೂ ಇಬ್ಬರು ಹೊರಬಿದ್ದು, ಒಂಬತ್ತೇ ಜನ ಉಳಿದು, ಆ ವರ್ಷ ಕಪ್ಪನ್ನೇ ಗೆದ್ದ ಇಟಲಿಯನ್ನು 1-1ರ ಸಮಕ್ಕೆ ನಿಲ್ಲಿಸಿದರು. ಮ್ಯಾಕ್‌ಬ್ರೈಡ್ ಆ ದಿನ ಗೋಲು ಹೊಡೆಯಲಿಲ್ಲ. ಆದರೂ ಅಮೆರಿಕದ ಅಭಿಮಾನಿಯ ಮನಸ್ಸಿನಲ್ಲಿ ಆ ವಿಶ್ವಕಪ್ಪಿನಿಂದ ಉಳಿದ ಚಿತ್ರ ಯಾವುದೆಂದು ಕೇಳಿದರೆ, ಆ ರಕ್ತದ ಮುಖವೇ.

ಎಂಟು ವರ್ಷಗಳ ಮೇಲೆ, 2014ರ ಜೂನ್ 16ರಂದು, ಬ್ರೆಜಿಲ್ಲಿನ ನಟಾಲ್‌ನಲ್ಲಿ ಘಾನಾ ವಿರುದ್ಧ ಕ್ಲಿಂಟ್ ಡೆಂಪ್ಸಿ ಪಂದ್ಯ ಪ್ರಾರಂಭವಾಗಿ ಅರ್ಧ ನಿಮಿಷ ತುಂಬುವ ಹೊತ್ತಿಗೆ ಗೋಲು ಹೊಡೆದ. ಅದಾದ ಮೇಲೆ ಎದುರಾಳಿಯ ಕಾಲು ಮುಖಕ್ಕೆ ಬಡಿದು ಆತನ ಮೂಗು ಮುರಿಯಿತು. ಉಸಿರಾಡುವುದೇ ಕಷ್ಟವಾಗಿದ್ದರೂ ಕೊನೆಯವರೆಗೆ ಆಡಿದ. ಗೋಲನ್ನು ಜನ ಹೊಗಳಿದರು, ಮೂಗನ್ನು ನೆನಪಿಟ್ಟುಕೊಂಡರು.

ಮೂರನೆಯದು ಇನ್ನೂ ವಿಶೇಷ. 2025ರ ಜನವರಿ 22ರಂದು ಫ್ಲಾರಿಡಾದ ಒರ್ಲ್ಯಾಂಡೊ ನಗರದಲ್ಲಿ ಕೋಸ್ಟರಿಕದ ಸಂಗಡ ಒಂದು ಸ್ನೇಹಪಂದ್ಯ. ಸೋತರೆ ನಷ್ಟವಿಲ್ಲ, ಗೆದ್ದರೆ ಲಾಭವಿಲ್ಲ ಎನ್ನುವಂಥದು. ಡಿಯಾಗೊ ಲೂನ ಎಂಬ ತರುಣನ ಮೂಗು ಮೊದಲರ್ಧದಲ್ಲೇ ಮುರಿಯಿತು. ಹೊರಗೆ ಕರೆಸುವುದರಲ್ಲಿದ್ದಾಗ, ಇನ್ನಷ್ಟು ಹೊತ್ತು ಆಡಗೊಡಿ ಎಂದು ಆತ ಕೇಳಿಕೊಂಡನೆಂದು ತರಬೇತುದಾರ ಪೊಚೆಟಿನೊ ಆಮೇಲೆ ಹೇಳಿದ. ಮೂಗಿಗೆ ಹತ್ತಿ ತುರುಕಿಕೊಂಡು ನಿಂತವನು ಬ್ರಯನ್ ವೈಟ್‌ನ ಗೋಲಿಗೆ ಚೆಂಡು ಒದಗಿಸಿಕೊಟ್ಟ. ಲೂನ ಆಡುತ್ತಿದ್ದದ್ದು ಯೂರೋಪಿನಲ್ಲಲ್ಲ, ಸಾಲ್ಟ್ ಲೇಕ್ ನಗರದ ತಂಡದಲ್ಲಿ. ಆ ಒಂದು ಸಂಜೆಯಿಂದ ಆತ ಅಭಿಮಾನಿಗಳ ಮನೆಮಗನಾದ. ಗೆಲುವು, ಜಾಹೀರಾತು, ಯೂರೋಪಿನ ಮೊಹರು, ಈ ಮೂರರಲ್ಲಿ ಯಾವುದು ಆತನನ್ನು ಮೇಲಕ್ಕೆತ್ತಿತು? ಮೂಗು ಮುರಿಯುವ ಪಂಡಿತರು ಹೇಳಲಿ.

ಹಾಗಾದರೆ ಅಮೆರಿಕದವರಿಗೆ ರಕ್ತ ಕಂಡರೆ ಪ್ರೀತಿಯೆ ಎಂದು ಕೇಳಬಹುದು. ವಿಷಯ ಅಷ್ಟು ಅಗ್ಗದ್ದಲ್ಲ. ಬ್ರೆಜಿಲ್ಲಿನ ಹುಡುಗ ಈ ಆಟವನ್ನು ಮಾತು ಕಲಿಯುವಾಗಲೇ ಕಲಿಯುತ್ತಾನೆ. ಅಜ್ಜ ನೋಡಿದ್ದನ್ನು ಅಪ್ಪ, ಅಪ್ಪ ನೋಡಿದ್ದನ್ನು ಮಗ ನೋಡಿ, ಒಂದು ಸೊಗಸಾದ ಹುಸಿನಡೆಯ ರುಚಿ ನಾಲಿಗೆಗೇ ಹತ್ತಿರುತ್ತದೆ. ಅಮೆರಿಕದ ಅಭಿಮಾನಿಗಳಲ್ಲಿ ಬಹುಪಾಲು ಜನಕ್ಕೆ ಈ ಆಸ್ತಿ ಪಿತ್ರಾರ್ಜಿತವಾಗಿ ಬಂದದ್ದಲ್ಲ. ಅವರ ಅಪ್ಪ ನೋಡಿದ್ದು ಬೇಸ್‌ಬಾಲ್. (ಇನ್ನು ‘ಫುಟ್‌ಬಾಲ್’ ಎಂಬ ಹೆಸರನ್ನು ಅವರು ಬಹುಪಾಲು ಕೈಯಲ್ಲೇ ಆಡುವ ಬೇರೊಂದು ಆಟಕ್ಕೆ ಕೊಟ್ಟು, ಇದನ್ನು ‘ಸಾಕರ್’ ಎನ್ನುತ್ತಾರೆ. ಅದಕ್ಕೂ ನಗುವವರುಂಟು, ಆದರೆ ಆ ಶಬ್ದ ಹುಟ್ಟಿದ್ದು ಇಂಗ್ಲೆಂಡಿನಲ್ಲೇ ಎಂಬುದನ್ನು ನಗುವವರು ಮರೆಯುತ್ತಾರೆ.) ರುಚಿ ಬಾರದವನು ಏನನ್ನು ನೋಡಿ ಅಳೆಯಬೇಕು? ರಾಮೋತ್ಸವದ ಚಪ್ಪರದ ಹೊರಗೆ ನಿಂತು ಕೇಳುವವನಿಗೆ ರಾಗದ ಹೆಸರು ತಿಳಿಯದಿರಬಹುದು. ಹಾಡುವವನು ಮನಸ್ಸಿಟ್ಟು ಹಾಡುತ್ತಿದ್ದಾನೆಯೇ, ಸಂಭಾವನೆಗೆ ಸರಿಯಾಗಿ ಹಾಡಿ ಮುಗಿಸುತ್ತಿದ್ದಾನೆಯೇ ಎಂಬುದು ಅವನಿಗೂ ತಿಳಿಯುತ್ತದೆ. ಅಷ್ಟು ತಿಳಿಯುವುದಕ್ಕೆ ಲಕ್ಷಣಗ್ರಂಥ ಬೇಡ.

ನನ್ನ ವಾದ ಇಷ್ಟೆ. ರಾಷ್ಟ್ರೀಯ ತಂಡದ ಆಟಗಾರನಲ್ಲಿ ಅಮೆರಿಕದ ಅಭಿಮಾನಿ ಮೊದಲು ಹುಡುಕುವುದು ಕಾಲಿನ ಚಮತ್ಕಾರವನ್ನಲ್ಲ, ಆ ಅಂಗಿಗಾಗಿ ಆತ ಏನನ್ನು ತೆತ್ತ ಎಂಬುದನ್ನು. ತೆತ್ತರೆ ಮಾತ್ರ ಸಾಲದು. ತೆತ್ತದ್ದು ತನ್ನ ಕಣ್ಣಿಗೆ ಬಿದ್ದಿರಬೇಕು. ಈ ಎರಡೂ ಕೂಡಿದಲ್ಲಿ ಅಭಿಮಾನ ಹುಟ್ಟುತ್ತದೆ. ಎರಡನೆಯದು ತಪ್ಪಿದಲ್ಲಿ ಅನ್ಯಾಯ ಹುಟ್ಟುತ್ತದೆ. ಆ ಅನ್ಯಾಯದ ಮಾತನ್ನೂ ನಾನು ಮುಚ್ಚಿಡುವವನಲ್ಲ.

ಗೆದ್ದೆತ್ತಿನ ಬಾಲ ಹಿಡಿಯುವ ಜನ ಎಂಬ ಆರೋಪವನ್ನೇ ಮೊದಲು ನೋಡೋಣ. 1950ರ ಜೂನ್ 29ರಂದು ಬ್ರೆಜಿಲ್ಲಿನ ಬೆಲೊ ಹೊರಿಜಾಂಟೆಯಲ್ಲಿ ಅಮೆರಿಕ ಇಂಗ್ಲೆಂಡನ್ನು 1-0 ಗೋಲಿನಿಂದ ಸೋಲಿಸಿತು. ವಿಶ್ವಕಪ್ಪಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಆಶ್ಚರ್ಯವನ್ನು ಹುಡುಕುವುದು ಕಷ್ಟ. ಗೋಲು ಹೊಡೆದ ಜೋ ಗೇಟ್ಜೆನ್ಸ್ ಹೈಟಿ ದೇಶದವನು. ಲೆಕ್ಕಶಾಸ್ತ್ರ ಓದಲು ನ್ಯೂಯಾರ್ಕಿಗೆ ಬಂದು, ಹೋಟೆಲಿನಲ್ಲಿ ಪಾತ್ರೆ ತೊಳೆದು ಹೊಟ್ಟೆ ಹೊರೆಯುತ್ತಿದ್ದವನು. ಗೋಲು ಕಾದ ಫ್ರಾಂಕ್ ಬೋರ್ಗಿ ಶವವಾಹನ ನಡೆಸುತ್ತಿದ್ದವನು. ವಾಲ್ಟರ್ ಬಾರ್ ಶಾಲೆಯ ಮೇಷ್ಟರು. ಆ ಪಂದ್ಯವನ್ನು ಕಣ್ಣಾರೆ ನೋಡಿದ ಅಮೆರಿಕದ ಪತ್ರಕರ್ತ ಒಬ್ಬನೇ ಒಬ್ಬ, ಸೇಂಟ್ ಲೂಯಿಯ ಡೆಂಟ್ ಮ್ಯಾಕ್‌ಸ್ಕಿಮಿಂಗ್. ಅವನೂ ರಜೆ ಹಾಕಿ ಕೈಯಿಂದಲೇ ಖರ್ಚು ಮಾಡಿಕೊಂಡು ಹೋಗಿದ್ದವನು. ಇಂಗ್ಲೆಂಡನ್ನು ಗೆದ್ದು ಬಂದವರಿಗೆ ಊರಿನಲ್ಲಿ ಮೆರವಣಿಗೆ ನಡೆಯಲಿಲ್ಲ. ಮೇಷ್ಟರು ಶಾಲೆಗೆ ಹೋದರು, ಬೋರ್ಗಿ ಶವವಾಹನಕ್ಕೆ ಹೋದ. ಗೇಟ್ಜೆನ್ಸ್‌ನನ್ನು 1964ರಲ್ಲಿ ಹೈಟಿಯಲ್ಲಿ ಡುವಾಲಿಯೆಯ ಪೊಲೀಸು ಪಡೆ ಹಿಡಿದುಕೊಂಡು ಹೋಯಿತು. ಆಮೇಲೆ ಅವನನ್ನು ಕಂಡವರಿಲ್ಲ. ಗೆದ್ದರೆ ಸಾಕು ಅಮೆರಿಕ ತಲೆಯ ಮೇಲೆ ಹೊರುತ್ತದೆ ಎನ್ನುವವರು ಈ ಹನ್ನೊಂದು ಜನಕ್ಕೆ ಏನು ಉತ್ತರ ಕೊಟ್ಟಾರು?

ಮಹಿಳೆಯರ ತಂಡದ ಮೊದಲ ಗೆಲುವೂ ಹೀಗೆಯೇ. 1991ರಲ್ಲಿ ಚೀನದ ಗ್ವಾಂಗ್‌ಜೋದಲ್ಲಿ ನಾರ್ವೆಯನ್ನು 2-1ರಿಂದ ಸೋಲಿಸಿ ಅವರು ಮೊಟ್ಟಮೊದಲ ಮಹಿಳಾ ವಿಶ್ವಕಪ್ಪನ್ನು ತಂದರು. ಆ ಪಂದ್ಯದ ಎರಡೂ ಗೋಲು ಮಿಶೆಲ್ ಏಕರ್ಸ್ ಹೊಡೆದದ್ದು. ಆ ಕಪ್ಪಿನಲ್ಲಿ ಒಟ್ಟು ಹತ್ತು ಗೋಲು ಆಕೆಯವೇ. ಊರಿಗೆ ಮರಳಿದಾಗ ವಿಮಾನ ನಿಲ್ದಾಣದಲ್ಲಿ ಎದುರುಗೊಂಡವರು ಬೆರಳಲ್ಲಿ ಎಣಿಸುವಷ್ಟು ಜನ.

ಇನ್ನು ಸೋತವರ ಕಡೆ ತಿರುಗಿ. 2014ರ ಜುಲೈ 1ರಂದು ಸಾಲ್ವಡೋರ್‌ನಲ್ಲಿ ಬೆಲ್ಜಿಯಂ ತಂಡ ಅಮೆರಿಕದ ಗೋಲಿನ ಮೇಲೆ ಎರಡು ಗಂಟೆಯ ಕಾಲ ಮುತ್ತಿಗೆಯನ್ನೇ ಹಾಕಿತು. ಗೋಲ್‌ಕೀಪರ್ ಟಿಮ್ ಹವರ್ಡ್ ಕೈಯಲ್ಲಿ, ಕಾಲಲ್ಲಿ, ಮೊಣಕಾಲಲ್ಲಿ, ಸಿಕ್ಕಿದ್ದರಲ್ಲಿ ತಡೆದ. ಅಂದಿನ ಲೆಕ್ಕದಂತೆ ಆತ ತಡೆದದ್ದು 16 ಹೊಡೆತ. ವಿಶ್ವಕಪ್ಪಿನಲ್ಲಿ ಅದು ದಾಖಲೆ. ಕೊನೆಗೆ ಅಮೆರಿಕ 2-1ರಿಂದ ಸೋತು ಊರಿಗೆ ಹೊರಟಿತು. ಸೋತ ಗೋಲ್‌ಕೀಪರಿಗೆ ಅಧ್ಯಕ್ಷ ಒಬಾಮ ಫೋನು ಮಾಡಿದ. ಯಾರೋ ತುಂಟರು ವಿಕಿಪೀಡಿಯದ ಪುಟ ತಿದ್ದಿ ಹವರ್ಡ್‌ನನ್ನು ದೇಶದ ರಕ್ಷಣಾ ಸಚಿವನನ್ನಾಗಿ ಮಾಡಿದರೆ, ನಿಜವಾದ ರಕ್ಷಣಾ ಸಚಿವ ಚಕ್ ಹೇಗಲ್‌ನೂ ಫೋನು ಮಾಡಿ ಅಭಿನಂದಿಸಿದ. ಬಾಲ್ಯದಿಂದ ಟುರೆಟ್ ಎಂಬ ನರದ ತೊಂದರೆಯಿಂದ ಮೈ ತಾನಾಗಿ ಅದುರುವ ಮನುಷ್ಯ ಅವನು. ಅದನ್ನು ಬಚ್ಚಿಡದೆ ಹೇಳಿಕೊಂಡವನು. ಆ ಎರಡು ಗಂಟೆಗಳಲ್ಲಿ ಆಟದ ಒಳಗುಟ್ಟು ತಿಳಿಯದ ಮನೆಯಾಕೆಗೂ ಒಂದು ವಿಷಯ ತಿಳಿಯಿತು: ಈ ಮನುಷ್ಯ ತನ್ನಲ್ಲಿದ್ದದ್ದನ್ನೆಲ್ಲ ಕೊಟ್ಟುಬಿಟ್ಟ. 2011ರಲ್ಲಿಯೂ ಹಾಗೆಯೇ ಆಗಿತ್ತು. ಡ್ರೆಸ್ಡನ್‌ನಲ್ಲಿ ಬ್ರೆಜಿಲ್ ವಿರುದ್ಧ ಒಬ್ಬಾಕೆ ಕಡಿಮೆ ಇದ್ದ ತಂಡ, 122ನೆಯ ನಿಮಿಷದಲ್ಲಿ ಮೆಗನ್ ರಪಿನೊ ದೂರದಿಂದ ಕಳಿಸಿದ ಚೆಂಡಿಗೆ ಆಬಿ ವ್ಯಾಂಬಾಕ್ ತಲೆಕೊಟ್ಟು ಬದುಕಿಕೊಂಡಿತು. ಆ ವಿಶ್ವಕಪ್ಪಿನ ಫೈನಲಿನಲ್ಲಿ ಜಪಾನಿಗೆ ಸೋತದ್ದೇ ಹೌದು. ಆದರೆ ಗೆದ್ದ 1991ರಲ್ಲಿ ದೊರೆಯದ ಸ್ವಾಗತ ಸೋತ 2011ರಲ್ಲಿ ದೊರೆಯಿತು.

ಜಾಹೀರಾತಿನ ವಾದಕ್ಕೆ ಹೆಚ್ಚು ಹೊತ್ತು ಬೇಡ. ಫ್ರೆಡ್ಡಿ ಆಡು ಎಂಬ ಒಂದೇ ಹೆಸರು ಸಾಕು. ಘಾನಾದಲ್ಲಿ ಹುಟ್ಟಿ ಮೇರಿಲ್ಯಾಂಡಿಗೆ ಬಂದ ಈ ಹುಡುಗನಿಗೆ ಹದಿನಾಲ್ಕು ವರ್ಷ ತುಂಬುವ ಹೊತ್ತಿಗೆ ನೈಕಿಯವರ ಹತ್ತು ಲಕ್ಷ ಡಾಲರಿನ ಒಪ್ಪಂದ ಕೈಯಲ್ಲಿತ್ತು. 2004ರಲ್ಲಿ ಸ್ವತಃ ಪೆಲೆಯ ಪಕ್ಕದಲ್ಲಿ ನಿಲ್ಲಿಸಿ ತಂಪು ಪಾನೀಯದ ಜಾಹೀರಾತು ಮಾಡಿದರು. ಅಮೆರಿಕದ ಪೆಲೆ ಎಂದರು. ಪಾಪ, ಹುಡುಗನದೇನು ತಪ್ಪು? ರಾಷ್ಟ್ರೀಯ ತಂಡದಲ್ಲಿ ಆತ ಆಡಿದ್ದು 17 ಪಂದ್ಯ, ಹೊಡೆದದ್ದು 2 ಗೋಲು. ಕಂಪನಿಯವರಿಗೆ ಅಭಿಮಾನವನ್ನು ತಯಾರಿಸುವ ಯಂತ್ರ ಗೊತ್ತಿದ್ದರೆ ಇವನಿಗಾಗಿ ಅದನ್ನು ತಿರುಗಿಸದೆ ಬಿಡುತ್ತಿದ್ದರೆ? ಅವರು ಹೆಸರನ್ನು ಮಾರಬಲ್ಲರು. ಜನ ಆ ಹೆಸರನ್ನು ಎದೆಯೊಳಗೆ ಬಿಟ್ಟುಕೊಳ್ಳುವಂತೆ ಮಾಡಲಾರರು.

ಮಿಯಾ ಹ್ಯಾಮ್‌ಳನ್ನು ಮೈಕೆಲ್ ಜೋರ್ಡಾನನ ಸರಿಸಮಕ್ಕೆ ಜಾಹೀರಾತಿನಲ್ಲಿ ನಿಲ್ಲಿಸಿದರಲ್ಲ, ಅದಕ್ಕೇನು ಹೇಳುತ್ತೀರಿ ಎಂದು ಕೇಳುವವರು ಕಾಲಕ್ರಮವನ್ನು ಸ್ವಲ್ಪ ಗಮನಿಸಬೇಕು. ಆ ಜಾಹೀರಾತು 1999ರದು. ಅದಕ್ಕೆ ಮೂರು ವರ್ಷ ಮೊದಲೇ, 1996ರ ಒಲಿಂಪಿಕ್ಸಿನಲ್ಲಿ, ಜಾರ್ಜಿಯಾ ರಾಜ್ಯದ ಅಥೆನ್ಸ್ ಊರಿನಲ್ಲಿ ಚೀನದ ವಿರುದ್ಧ ಮಹಿಳೆಯರ ಫೈನಲ್ ನೋಡಲು 76 ಸಾವಿರಕ್ಕೂ ಹೆಚ್ಚು ಜನ ನೆರೆದಿದ್ದರು. ಆ ಪಂದ್ಯವನ್ನು ನೇರವಾಗಿ ತೋರಿಸುವ ಮನಸ್ಸು ಟೆಲಿವಿಷನ್ನಿನವರಿಗೆ ಇರಲಿಲ್ಲ. ಜನ ಮೊದಲು ಬಂದರು, ಕ್ಯಾಮೆರಾ ಹಿಂದಿನಿಂದ ಬಂತು, ಕಂಪನಿ ಅದರ ಹಿಂದಿನಿಂದ.

ಈ ಜನ ಎಲ್ಲಿಂದ ಬಂದರು? ಇಲ್ಲಿಯೇ ವಿಷಯದ ಬೇರು ಇರುವುದು. 1972ರಲ್ಲಿ ಅಮೆರಿಕದಲ್ಲಿ ಒಂದು ಕಾನೂನಾಯಿತು: ಸರ್ಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಗಂಡು ಹೆಣ್ಣೆಂಬ ಭೇದ ಮಾಡಕೂಡದು ಎಂದು. ಇದರಿಂದ ಕಾಲೇಜುಗಳಲ್ಲಿ ಹೆಣ್ಣುಮಕ್ಕಳ ತಂಡಗಳು ಹುಟ್ಟಿದವು, ಅದನ್ನು ನೋಡಿ ಶಾಲೆಗಳಲ್ಲಿ, ಬಡಾವಣೆಗಳಲ್ಲಿ. ಶನಿವಾರ ಬೆಳಿಗ್ಗೆ ಮಗಳನ್ನು ಮೈದಾನಕ್ಕೆ ಕರೆದುಕೊಂಡು ಹೋಗುವುದು ಅಲ್ಲಿನ ಮಧ್ಯಮ ವರ್ಗದ ತಾಯಂದಿರ ನಿತ್ಯಕರ್ಮವಾಯಿತು. ಅಲ್ಲಿ ನೆಲೆಸಿದ ನಮ್ಮ ಕನ್ನಡ ಮನೆಗಳ ತಾಯಂದಿರೂ ಇದರಿಂದ ತಪ್ಪಿಸಿಕೊಂಡಿಲ್ಲ. ಹೀಗೆ ಬೆಳೆದ ಹುಡುಗಿಯರ ಕಣ್ಣಿಗೆ ರಾಷ್ಟ್ರೀಯ ತಂಡದವರು ಆಕಾಶದ ತಾರೆಗಳಾಗಿರಲಿಲ್ಲ, ಎದುರುಮನೆಯ ಅಕ್ಕಂದಿರಾಗಿದ್ದರು. ಅವರಿಗೆ ಯೂರೋಪಿನಲ್ಲಿ ಶ್ರೀಮಂತ ಕ್ಲಬ್ಬಿಲ್ಲ. ಊರಿನಲ್ಲಿಯೂ ಹೇಳಿಕೊಳ್ಳುವ ವೃತ್ತಿ ಲೀಗಿಲ್ಲ. 2001ರಲ್ಲಿ ಪ್ರಾರಂಭವಾದ ಲೀಗು 2003ರಲ್ಲಿ ಮುಚ್ಚಿತು. ರಾಷ್ಟ್ರೀಯ ತಂಡವೇ ಅವರ ಉದ್ಯೋಗ, ಅದೇ ಅವರ ಮನೆ. ಗಂಡಸರು ಪರದೇಶದಿಂದ ಹತ್ತು ದಿನದ ಮಟ್ಟಿಗೆ ಬಂದು, ಎರಡು ಪಂದ್ಯ ಆಡಿ, ವಿಮಾನ ಹತ್ತುವ ನೆಂಟರು. ಹೆಂಗಸರು ಊರೂರು ತಿರುಗಿ, ಶಿಬಿರಗಳಲ್ಲಿ ಮಕ್ಕಳೊಂದಿಗೆ ಚೆಂಡು ಒದ್ದು, ಪಂದ್ಯ ಮುಗಿದ ಮೇಲೆ ಬೇಲಿಯ ಬದಿಯಲ್ಲಿ ನಿಂತು ಕೈ ಸೋಲುವವರೆಗೆ ಸಹಿ ಹಾಕಿದವರು. ಎಂಟು ವರ್ಷದ ಹುಡುಗಿಯ ಅಂಗಿಯ ಮೇಲೆ ಬೆವರಿದ ಕೈಯಿಂದ ಹಾಕಿದ ಆ ಸಹಿಯಿದೆಯಲ್ಲ, ಅದನ್ನು ಯಾವ ಜಾಹೀರಾತು ಕಂಪನಿ ಕೊಂಡುಕೊಂಡೀತು? 1999ರ ವಿಶ್ವಕಪ್ಪಿನ ಮೊದಲ ದಿನ ನ್ಯೂಯಾರ್ಕಿನ ಮಗ್ಗುಲಿನ ಕ್ರೀಡಾಂಗಣದಲ್ಲಿ ಸುಮಾರು 79 ಸಾವಿರ ಜನ. ಜುಲೈ 10ರ ಫೈನಲಿಗೆ ಪ್ಯಾಸಡೀನದ ರೋಸ್ ಬೌಲಿನಲ್ಲಿ 90,185. ಬೇಲಿಯ ಬದಿಯಲ್ಲಿ ಬಿತ್ತಿದ್ದು ಅಲ್ಲಿ ಬೆಳೆಯಾಗಿ ನಿಂತಿತ್ತು.

ಆ ಫೈನಲಿನ ಕೊನೆಯ ಚಿತ್ರವನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಚೀನದ ಸಂಗಡ ಗೋಲಿಲ್ಲದೆ ಸಮವಾಗಿ, ಪೆನಾಲ್ಟಿಗಳಲ್ಲಿ ತೀರ್ಮಾನವಾಗಬೇಕಾಗಿ ಬಂದು, ಕಡೆಯ ಒದೆತವನ್ನು ಗೋಲಿಗೆ ಸೇರಿಸಿದ ಬ್ರಾಂಡಿ ಚಾಸ್ಟೆನ್ ಅಂಗಿಯನ್ನು ಕಳಚಿ ಹಿಡಿದು ಮೊಣಕಾಲೂರಿ ಕೂತ ಚಿತ್ರ. ಲೋಕವೆಲ್ಲ ಅದನ್ನು ಅಚ್ಚುಹಾಕಿತು. ಆದರೆ ಅಮೆರಿಕದ ಐವರೂ ಗೋಲು ಹೊಡೆದರೆನ್ನಿ, ಚೀನದವರು ನಾಲ್ಕೇ ಹೊಡೆದದ್ದು ಹೇಗೆ? ಅವರ ಮೂರನೆಯ ಒದೆತವನ್ನು ಎಡಕ್ಕೆ ಹಾರಿ ತಳ್ಳಿದವಳು ಗೋಲ್‌ಕೀಪರ್ ಬ್ರಯಾನ ಸ್ಕರಿ. ಆ ತಡೆಯಿಲ್ಲದೆ ಚಾಸ್ಟೆನ್‌ಳ ಅಂಗಿ ಮೈಮೇಲೆಯೇ ಉಳಿಯುತ್ತಿತ್ತು. ಸ್ಕರಿ ಕಪ್ಪು ಜನಾಂಗದ ಹೆಣ್ಣುಮಗಳು. ಅಂದಿನ ಪತ್ರಿಕೆಗಳು ಮುಖಪುಟಕ್ಕೆ ಯಾರನ್ನು ಆರಿಸಿದವು, ಕಂಪನಿಗಳು ಯಾರ ಬಾಗಿಲಿಗೆ ಹೋದವು ಎಂಬುದನ್ನು ನೋಡಿದರೆ, ಅಭಿಮಾನಿಯ ಕಣ್ಣು ಎಷ್ಟೇ ಪ್ರಾಮಾಣಿಕವಾಗಿದ್ದರೂ ಆ ಕಣ್ಣಿನ ಮುಂದೆ ಯಾವುದನ್ನು ಹಿಡಿಯಬೇಕೆಂದು ತೀರ್ಮಾನಿಸುವವರು ಬೇರೆ ಇದ್ದಾರೆಂಬುದು ಸ್ಪಷ್ಟವಾಗುತ್ತದೆ. 2010ರಲ್ಲಿ ಆಟದಲ್ಲಿ ತಲೆಗೆ ಬಿದ್ದ ಪೆಟ್ಟಿನಿಂದ ಆಕೆಯ ಆಟವೇ ಮುಗಿಯಿತು. ವರ್ಷಗಟ್ಟಲೆ ತಲೆನೋವು, ಕೈಯಲ್ಲಿ ಕಾಸಿಲ್ಲ. ಎರಡು ಒಲಿಂಪಿಕ್ ಚಿನ್ನದ ಪದಕಗಳನ್ನು ಅಡವಿಟ್ಟು ದಿನ ದೂಡಬೇಕಾಯಿತು. ಆಮೇಲೆ ಬಿಡಿಸಿಕೊಂಡದ್ದುಂಟು, 2017ರಲ್ಲಿ ಅಮೆರಿಕದ ಸಾಕರ್ ಕೀರ್ತಿಭವನಕ್ಕೆ ಸೇರಿದ ಮೊದಲ ಕಪ್ಪು ಮಹಿಳೆಯೆಂಬ ಗೌರವವೂ ಬಂತು. ಹದಿನೆಂಟು ವರ್ಷ ತಡವಾಗಿ. ಮೈಯಿಂದ ತೆತ್ತ ಲೆಕ್ಕ ಹಾಕಿದರೆ ಆಕೆಗಿಂತ ಹೆಚ್ಚು ತೆತ್ತವರು ಆ ತಂಡದಲ್ಲಿ ಎಷ್ಟು ಜನ ಸಿಕ್ಕಾರು? ಗೇಟ್ಜೆನ್ಸ್‌ನನ್ನು ನೋಡಲು ಒಬ್ಬ ಪತ್ರಕರ್ತನಾದರೂ ಇದ್ದ. ಸ್ಕರಿಯನ್ನು ತೊಂಬತ್ತು ಸಾವಿರ ಜನ ನೋಡಿಯೂ ನೋಡಲಿಲ್ಲ.

ಇನ್ನು ಉಳಿದದ್ದು ಯೂರೋಪಿನ ಮೊಹರು. ಈ ರೋಗ ಅಮೆರಿಕದಲ್ಲಿ ಇಲ್ಲವೆಂದು ನಾನು ಹೇಳುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮಲ್ಲಿ ಹುಟ್ಟಿದರೂ ಅಲ್ಲಿಗೂ ಹೊಂದುತ್ತದೆ. ಲ್ಯಾಂಡನ್ ಡೊನೊವನ್‌ನನ್ನು ಪಂಡಿತರು ಹದಿನೈದು ವರ್ಷ ಹಂಗಿಸಿದ್ದು ಇದೇ ಕಾರಣಕ್ಕೆ. ಜರ್ಮನಿಗೆ ಹೋದ, ನಿಲ್ಲಲಾರದೆ ಬಂದ, ಮತ್ತೆ ಹೋದ, ಮತ್ತೆ ಬಂದ. ಕ್ಯಾಲಿಫೋರ್ನಿಯದ ಬಿಸಿಲಲ್ಲಿ ಆಡಿಕೊಂಡಿದ್ದಾನೆ, ಎದೆಗಾರಿಕೆ ಸಾಲದು ಎಂದರು. ಆದರೆ 2010ರ ಜೂನ್ 23ರಂದು ಪ್ರಿಟೋರಿಯದಲ್ಲಿ ಏನಾಯಿತು? ಆಲ್ಜೀರಿಯ ವಿರುದ್ಧ ಗೋಲಿಲ್ಲದೆ 90 ನಿಮಿಷ ಕಳೆದಿತ್ತು. ಹಾಗೆಯೇ ಮುಗಿದರೆ ಊರಿನ ದಾರಿ. ಹವರ್ಡ್ ಎಸೆದ ಚೆಂಡನ್ನು ಹಿಡಿದು ಡೊನೊವನ್ ಮೈದಾನದ ಉದ್ದಕ್ಕೂ ಓಡಿದ. ಡೆಂಪ್ಸಿಯ ಒದೆತ ಗೋಲ್‌ಕೀಪರಿಗೆ ತಾಗಿ ಹಿಂದಿರುಗಿದಾಗ ಅಲ್ಲಿಗೆ ಮೊದಲು ತಲುಪಿ ಒಳಕ್ಕೆ ಸೇರಿಸಿದವನು ಆತನೇ. ತೊಂಬತ್ತು ನಿಮಿಷ ಓಡಿ ದಣಿದವನ ಕಾಲಿಗೆ ಆ ಓಟ ಇನ್ನೂ ಉಳಿದಿತ್ತಲ್ಲ, ಜನ ಮೆಚ್ಚಿದ್ದು ಅದನ್ನು. 2014ರಲ್ಲಿ ತರಬೇತುದಾರ ಕ್ಲಿನ್ಸ್‌ಮನ್ ಆತನನ್ನು ವಿಶ್ವಕಪ್ಪಿನ ತಂಡದಿಂದ ಕೈಬಿಟ್ಟು, ಬಯರ್ನ್ ಕ್ಲಬ್ಬಿನ ಹದಿಹರೆಯದ ಜೂಲಿಯನ್ ಗ್ರೀನ್‌ನನ್ನು ಸೇರಿಸಿಕೊಂಡಾಗ ಅಭಿಮಾನಿಗಳು ಎಬ್ಬಿಸಿದ ಗಲಾಟೆಯನ್ನು ನೆನೆದರೆ, ಹಿತ್ತಲ ಗಿಡದ ಮೇಲೆ ಅವರಿಗೆ ಎಷ್ಟು ಆಸೆಯಿತ್ತೆಂಬುದು ತಿಳಿಯುತ್ತದೆ. (ಗ್ರೀನ್ ಬೆಲ್ಜಿಯಂ ವಿರುದ್ಧ ಕಣಕ್ಕಿಳಿದು ಎರಡೇ ನಿಮಿಷದಲ್ಲಿ ಗೋಲು ಹೊಡೆದ. ಅದನ್ನೂ ಹೇಳುವುದು ನ್ಯಾಯ. ಆದರೂ ಜನ ಡೊನೊವನ್‌ನನ್ನು ಮರೆಯಲಿಲ್ಲ.)

ಕ್ರಿಶ್ಚಿಯನ್ ಪುಲಿಸಿಕ್‌ನ ವಿಷಯ ಇದರ ಮಗ್ಗುಲಲ್ಲಿಟ್ಟು ನೋಡತಕ್ಕದ್ದು. ಯೂರೋಪಿನ ಮೊಹರು ಬೇಕೆಂದರೆ ಇವನಲ್ಲಿ ರಾಶಿಯಿದೆ: ಡಾರ್ಟ್‌ಮುಂಡ್, ಚೆಲ್ಸಿ, ಮಿಲಾನ್. ಆದರೆ ಜನ ಇವನನ್ನು ತಮ್ಮವನೆಂದದ್ದು ಆ ಅಂಗಿಗಳಲ್ಲಿ ಕಂಡಲ್ಲ. 2017ರ ಅಕ್ಟೋಬರ್ 10ರಂದು ಟ್ರಿನಿಡಾಡಿನ ಕೂವಾ ಎಂಬಲ್ಲಿ, ಪಟ್ಟಿಯ ಕೊನೆಯಲ್ಲಿದ್ದ ತಂಡದೆದುರು 2-1ರಿಂದ ಸೋತು ಅಮೆರಿಕ ವಿಶ್ವಕಪ್ಪಿನ ಬಾಗಿಲಿನಿಂದಲೇ ಹಿಂದಿರುಗಿದ ರಾತ್ರಿ, ಅಮೆರಿಕದ ಒಂದೇ ಗೋಲು ಹೊಡೆದವನೂ ಇವನೇ, ಮೈದಾನದಲ್ಲಿ ಕುಸಿದು ಕುಳಿತು ಅತ್ತ ಹತ್ತೊಂಬತ್ತರ ಹುಡುಗನೂ ಇವನೇ. 2022ರ ನವೆಂಬರ್ 29ರಂದು ಇರಾನ್ ವಿರುದ್ಧ ಗೋಲಿನೊಳಕ್ಕೆ ಚೆಂಡಿನ ಜೊತೆಗೆ ತನ್ನ ಮೈಯನ್ನೂ ಎಸೆದು, ಗೋಲ್‌ಕೀಪರಿಗೆ ಬಡಿದು, ಆಸ್ಪತ್ರೆ ಸೇರಿದವನೂ ಇವನೇ. ಅಮೆರಿಕ ಆ ಒಂದು ಗೋಲಿನಿಂದ ಮುಂದಿನ ಸುತ್ತಿಗೆ ಹೋಯಿತು.

ಅಂಥವನು 2025ರ ಬೇಸಿಗೆಯಲ್ಲಿ, ದಣಿದಿದ್ದೇನೆ, ವಿಶ್ರಾಂತಿ ಬೇಕು ಎಂದು ಗೋಲ್ಡ್ ಕಪ್ ಪಂದ್ಯಾವಳಿಯಿಂದ ಹಿಂದೆ ಸರಿದ. ಅದಕ್ಕೆ ಮುಂಚಿನ ಎರಡು ಸ್ನೇಹಪಂದ್ಯಗಳನ್ನು ಮಾತ್ರ ಆಡುತ್ತೇನೆಂದರೆ ಪೊಚೆಟಿನೊ ಒಪ್ಪಲಿಲ್ಲ. ಹಳೆಯ ಆಟಗಾರರು ಬೈದರು, ಅಭಿಮಾನಿಗಳು ಎರಡು ಪಕ್ಷವಾಗಿ ಕಚ್ಚಾಡಿದರು. ಎಪ್ಪತ್ತು ಸಾವಿರ ಮೈಲಿ ಓಡಿದ ಎಂಜಿನ್ನಿಗೂ ರಿಪೇರಿ ಬೇಕು. ಆಟಗಾರನ ಮೈ ಕ್ಲಬ್ಬಿನ ದುಡಿಮೆಯಲ್ಲಿ ಸವೆಯುವುದು ಸುಳ್ಳಲ್ಲ. ಹಾಗಿದ್ದೂ ಆ ಕೋಪವನ್ನು ಬರಿಯ ಒರಟುತನವೆಂದು ತಳ್ಳಿಹಾಕುವವರ ಪಕ್ಷಕ್ಕೆ ನಾನು ಸೇರಲಾರೆ. ಮಿಲಾನಿನಲ್ಲಿ ಎಷ್ಟೇ ಗೋಲು ಹೊಡೆದರೂ ಈ ಸಾಲ ತೀರುವುದಿಲ್ಲ ಎಂಬುದೇ ಅದರ ಅರ್ಥ. ಯೂರೋಪಿನ ಮೊಹರಿಗೆ ಮರುಳಾದ ಜನ ಹೀಗೆ ಕೋಪಿಸಿಕೊಳ್ಳುತ್ತಿದ್ದರೆ?

ಈ ಬೆವರಿನ ತಕ್ಕಡಿಯಲ್ಲೂ ದೋಷವಿದೆ. ಮೈ ಕೊಡದೆ ಬುದ್ಧಿ ಕೊಟ್ಟು ಆಡುವವನು ಇದರಲ್ಲಿ ತೂಗುವುದಿಲ್ಲ. 2002ರ ವಿಶ್ವಕಪ್ಪಿನ ಶ್ರೇಷ್ಠ ಆಟಗಾರರ ಪಟ್ಟಿಗೆ ಸೇರಿದ ಕ್ಲಾಡಿಯೊ ರೇನಾ ಎಂಬ ನಾಯಕ ಅಮೆರಿಕದಲ್ಲಿ ಎಷ್ಟು ಮನೆಗಳ ಮಾತಾದ? ಮ್ಯಾಕ್‌ಬ್ರೈಡ್‌ನ ಕೆನ್ನೆಯ ಮೂರು ಹೊಲಿಗೆ ರೇನಾನ ಮೂರು ನೂರು ನಯವಾದ ಪಾಸುಗಳಿಗಿಂತ ಹೆಚ್ಚು ತೂಗಿತು. ಅದು ನಷ್ಟವೇ. ಒಂದೆರಡು ತಲೆಮಾರು ಕಳೆದು ಅಜ್ಜಂದಿರೂ ಈ ಆಟದ ಮಾತಾಡುವಂತಾದಾಗ ಆ ನಷ್ಟ ತುಂಬೀತು.

ಮೆಗನ್ ರಪಿನೊಳ ಮಾತು ಬಾರದೆ ಈ ಚರ್ಚೆ ಮುಗಿಯುವ ಹಾಗಿಲ್ಲ. ಆಕೆ 2016ರಲ್ಲಿ ರಾಷ್ಟ್ರಗೀತೆಯ ಹೊತ್ತಿಗೆ ಮೊಣಕಾಲೂರಿದಳು, ಕಪ್ಪು ಜನರ ಮೇಲಿನ ಅನ್ಯಾಯಕ್ಕೆ ವಿರೋಧವಾಗಿ. ಮರುವರ್ಷ ಫೆಡರೇಷನ್ ಎಲ್ಲರೂ ನಿಲ್ಲತಕ್ಕದ್ದೆಂದು ನಿಯಮ ಮಾಡಿತು. 2020ರಲ್ಲಿ ತಾನೇ ಅದನ್ನು ಹಿಂತೆಗೆದುಕೊಂಡಿತು. ನಡುವೆ 2019ರ ವಿಶ್ವಕಪ್ಪು ಬಂತು. ದೇಶದ ಅಧ್ಯಕ್ಷನೊಂದಿಗೆ ಬಹಿರಂಗವಾಗಿ ಜಗಳವಾಡಿದ ವಾರದಲ್ಲೇ ಆಕೆ ಪ್ಯಾರಿಸಿನಲ್ಲಿ ಫ್ರಾನ್ಸಿನ ವಿರುದ್ಧ ಎರಡು ಗೋಲು ಹೊಡೆದು, ಎರಡು ಕೈಗಳನ್ನೂ ಚಾಚಿ ನಿಂತಳು. ಲಿಯೋನಿನ ಫೈನಲ್ ಮುಗಿದಾಗ ಗ್ಯಾಲರಿಯಿಂದ ಎದ್ದ ಘೋಷ ಸಮಾನ ವೇತನದ್ದು. ಆ ವರ್ಷ ಮಾರ್ಚಿನಲ್ಲಿ ತಂಡದವರು ಫೆಡರೇಷನ್ನಿನ ಮೇಲೆ ಹೂಡಿದ್ದ ದಾವೆ 2022ರಲ್ಲಿ 2 ಕೋಟಿ 40 ಲಕ್ಷ ಡಾಲರಿಗೆ ರಾಜಿಯಾಯಿತು. ಅದೇ ವರ್ಷ ಗಂಡಸರ ತಂಡದವರೂ ಒಪ್ಪಿ, ವಿಶ್ವಕಪ್ಪಿನ ಬಹುಮಾನದ ಹಣವನ್ನು ಎರಡು ತಂಡಗಳೂ ಸಮವಾಗಿ ಹಂಚಿಕೊಳ್ಳುವ ಕರಾರಾಯಿತು. ಗೋಲಿಗೆ ಚಪ್ಪಾಳೆ ತಟ್ಟುವ ಜನ ಲೋಕದಲ್ಲೆಲ್ಲ ಇದ್ದಾರೆ. ಕಪ್ಪು ಗೆದ್ದ ಗಳಿಗೆಯಲ್ಲಿ ಆಟಗಾರ್ತಿಯರ ಸಂಬಳಕ್ಕಾಗಿ ಕೂಗುವ ಗ್ಯಾಲರಿಯನ್ನು ಇನ್ನೆಲ್ಲಿ ಕಂಡಿದ್ದೀರಿ?

ಅದೇ ರಪಿನೊ 2023ರ ಆಗಸ್ಟ್ 6ರಂದು ಮೆಲ್ಬರ್ನಿನಲ್ಲಿ ಸ್ವೀಡನ್ ವಿರುದ್ಧ ಪೆನಾಲ್ಟಿಯನ್ನು ಕಂಬಿಯ ಮೇಲೆ ಹಾರಿಸಿ, ಪೆಚ್ಚು ನಗೆ ನಕ್ಕಾಗ, ಅಮೆರಿಕದಲ್ಲಿಯೇ ಕುಣಿದಾಡಿದವರಿದ್ದರು. ಸ್ವದೇಶದ ತಂಡ ಸೋತದ್ದಕ್ಕೆ ಸಂತೋಷಪಡುವ ದೇಶಭಕ್ತಿ ಎಂಥದೋ ನನಗೆ ಅರ್ಥವಾಗದು. ಆದರೆ ಆ ದ್ವೇಷವೂ ಪರಕೀಯಳ ಮೇಲಿನ ದ್ವೇಷವಲ್ಲ. ಈ ಅಂಗಿ ಯಾರದು ಎಂಬ ದಾಯಾದಿ ಜಗಳ.

ಈಗ ನಾನು ಅಂಜುವ ವಿಷಯಕ್ಕೆ ಬರುತ್ತೇನೆ. ಕಣ್ಣಾರೆ ಕಾಣುವುದರಿಂದ ಹುಟ್ಟಿದ ಅಭಿಮಾನ ಕಾಣುವ ದಾರಿ ಮುಚ್ಚಿದರೆ ಉಳಿಯುವುದೆಂತು? 2018ರಲ್ಲಿ ನಮ್ಮ ಭಾರತ ತಂಡ ಮುಂಬಯಿಯಲ್ಲಿ ಚೈನೀಸ್ ತೈಪೆಯನ್ನು 5-0ಯಿಂದ ಸೋಲಿಸಿದಾಗ ನೋಡಿದವರು ಎರಡೂವರೆ ಸಾವಿರ ಚಿಲ್ಲರೆ. ನಮ್ಮ ಬೆಂಗಳೂರು ತಂಡದ ಸುನಿಲ್ ಛೇತ್ರಿ ಮೂರು ಗೋಲು ಹೊಡೆದ ಮರುದಿನ, ಬೈಯುವುದಾದರೂ ಕ್ರೀಡಾಂಗಣಕ್ಕೆ ಬಂದು ಬೈಯಿರಿ ಎಂದು ಕೈಮುಗಿದು ಕೇಳಿಕೊಂಡ; ಮುಂದಿನ ಪಂದ್ಯಕ್ಕೆ ಟಿಕೆಟೇ ಸಿಗಲಿಲ್ಲ. ನಮ್ಮಲ್ಲಿ ಜನ ಮನಸ್ಸು ಮಾಡಿರಲಿಲ್ಲ, ಅಷ್ಟೆ. ಅಮೆರಿಕದಲ್ಲಿ ಮನಸ್ಸು ಮಾಡಿದವರಿಗೂ ಕೈಗೆಟುಕದಂತಾಗಿದೆ. 2026ರ ವಿಶ್ವಕಪ್ಪಿಗೆಂದು ಫಿಫಾ ಸಂಸ್ಥೆ, ಬೇಡಿಕೆ ಏರಿದಂತೆ ಬೆಲೆಯನ್ನೂ ಏರಿಸುತ್ತ ಹೋಗುವ ಟಿಕೆಟಿನ ಪದ್ಧತಿಯನ್ನು ತಂದಿತು. ಅಂಗಡಿಯವನ ದೃಷ್ಟಿಯಿಂದ ಇದು ಜಾಣತನ. ಆದರೆ ನೂರಾರು ಡಾಲರು ತೆತ್ತು ನಾಲ್ಕು ಜನರ ಸಂಸಾರ ಕ್ರೀಡಾಂಗಣಕ್ಕೆ ಹೋಗುವುದುಂಟೆ? ಬೇಲಿಯ ಬದಿಯಲ್ಲಿ ನಿಲ್ಲಬೇಕಾದ ಎಂಟು ವರ್ಷದ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ. ಆ ಜಾಗಕ್ಕೆ ಕಂಪನಿಯ ಅತಿಥಿಗಳು ಬಂದು ಕೂರುತ್ತಾರೆ. ಅವರಿಗೆ ಲೂನನ ಮೂಗು ಮುರಿದರೂ ಒಂದೆ, ನೆಟ್ಟಗಿದ್ದರೂ ಒಂದೆ.

2001ರ ಫೆಬ್ರವರಿಯಲ್ಲಿ ಮೆಕ್ಸಿಕೊ ವಿರುದ್ಧದ ಪಂದ್ಯವನ್ನು ಫೆಡರೇಷನ್ನಿನವರು ಬೇಕೆಂದೇ ಒಹಾಯೊದ ಕೊಲಂಬಸ್ ನಗರದ ಚಿಕ್ಕ ಕ್ರೀಡಾಂಗಣಕ್ಕೆ ಕೊಂಡೊಯ್ದಿದ್ದರು. ದೊಡ್ಡ ನಗರದಲ್ಲಿ ದೊಡ್ಡ ಅಂಗಳದಲ್ಲಿ ಆಡಿಸಿದ್ದರೆ ಹಣ ಹೆಚ್ಚು ಬರುತ್ತಿತ್ತು, ಮೆಕ್ಸಿಕೊದ ಅಭಿಮಾನಿಗಳೂ ಹೆಚ್ಚು ಬರುತ್ತಿದ್ದರು. ಮೈ ಕೊರೆಯುವ ಚಳಿಯಲ್ಲಿ ಅಮೆರಿಕದ ಜನ ತುಂಬಿ ಕೂಗಿದರು. ಅಮೆರಿಕ 2-0 ಗೆದ್ದಿತು. ಮುಂದೆ 2013ರವರೆಗೆ ಅದೇ ಊರಿನಲ್ಲಿ ಇನ್ನೂ ಮೂರು ಸಲ ಅದೇ ಲೆಕ್ಕದಲ್ಲಿ ಗೆದ್ದು, ಆ ಅಂಕಿಯೇ ಅಭಿಮಾನಿಗಳ ಮಂತ್ರವಾಯಿತು. ಆ ದಿನ ಫೆಡರೇಷನ್ ಹಣ ಬಿಟ್ಟು ಜನವನ್ನು ಆರಿಸಿಕೊಂಡಿತ್ತು.

2025ರ ಜುಲೈ 2ರಂದು ಗೋಲ್ಡ್ ಕಪ್ಪಿನ ಸೆಮಿಫೈನಲ್ ನಡೆದದ್ದು ಸೇಂಟ್ ಲೂಯಿಯಲ್ಲಿ. 1950ರಲ್ಲಿ ಇಂಗ್ಲೆಂಡನ್ನು ಸೋಲಿಸಿದ ಹನ್ನೊಂದು ಜನರಲ್ಲಿ ಐವರು ಇದೇ ಊರಿನವರು. ಶವವಾಹನದ ಬೋರ್ಗಿಯೂ ಇಲ್ಲಿಯವನೇ. ಎದುರಾಳಿ ಗ್ವಾಟೆಮಾಲ. ತುಂಬಿದ ಕ್ರೀಡಾಂಗಣದಲ್ಲಿ ಎಲ್ಲಿ ನೋಡಿದರೂ ಗ್ವಾಟೆಮಾಲದ ನೀಲಿ ಬಿಳಿ ಅಂಗಿಗಳು, ಅವರದೇ ಕೂಗು. ಅಮೆರಿಕದ ತಂಡ ತನ್ನ ನೆಲದಲ್ಲೇ ಪರಸ್ಥಳದವರಂತೆ ಆಡಿತು. ಪಂದ್ಯ ಮುಗಿದ ಮೇಲೆ, ಸೋತು ಅತ್ತ ಗ್ವಾಟೆಮಾಲದ ಆಟಗಾರರನ್ನೂ ಅವರೊಂದಿಗೆ ಅತ್ತ ಅವರ ಜನರನ್ನೂ ನೆನೆದು, ಕಾಲ್ಚೆಂಡು ಎಂದರೆ ಅದು ಎಂಬರ್ಥದ ಮಾತನ್ನು ಪೊಚೆಟಿನೊ ಆಡಿದ. ಅಮೆರಿಕ 2-1ರಿಂದ ಗೆದ್ದಿತ್ತು. ಎರಡು ಗೋಲೂ ಡಿಯಾಗೊ ಲೂನನವು, ಮೊದಲ ಕಾಲು ಗಂಟೆಯೊಳಗೇ. ಅವುಗಳನ್ನು ಕಣ್ಣಾರೆ ಕಂಡವರಲ್ಲಿ ಹೆಚ್ಚಿನವರು ನೀಲಿ ಅಂಗಿ ತೊಟ್ಟು ಸುಮ್ಮನೆ ಕುಳಿತಿದ್ದರು.